ಗಾರೆತ್ ಆಡಿದ ಕನ್ನಡ

ಸಿಕಂದರಾಬಾದ್
೧೧ ಜನವರಿ ೨೦೦೨

ಮಾನ್ಯ ನರಹರಿ ಮಾಸ್ತರರಿಗೆ, ನಿಮ್ಮ ಹಳೆಯ ವಿದ್ಯಾರ್ಥಿ ಆನಂದಕುಮಾರನ ನಮಸ್ಕಾರ.

ನೀವು ಧಾರವಾಡದಿಂದ ಕಳಿಸಿದ ಸ್ಕ್ರಿಪ್ಟಿನ ಕಟ್ಟು ಸೋಮವಾರ ನಮ್ಮ ಡಬ್ಬಿಂಗ್ ಸ್ಟುಡಿಯೋಕ್ಕೆ ಮುಟ್ಟಿತು. ಆರ್ಥರ್ ರಾಜ ಮತ್ತು ಅವನ ದುಂಡುಮೇಜಿನ ಸರದಾರರ ಕಥೆ, ಇಪ್ಪತ್ತಾರು ಕಂತು, ಮಾರ್ಚಿನಿಂದ ಕನ್ನಡದಲ್ಲಿ ಬರುತ್ತದೆ. ನನಗೆ ಗಾರೆತ್‌ನ ಪಾತ್ರ ಸಿಕ್ಕಿದೆ. ಮೂರು ವರ್ಷ ಗುಂಪಿನಲ್ಲಿ ಗದ್ದಲ ಮಾಡುವ ದನಿಯಾಗಿದ್ದವನಿಗೆ ಮೊದಲ ಸಲ ಹೆಸರಿರುವ ಪಾತ್ರ. ಕನ್ನಡಕ್ಕೆ ತರುವವರು ನೀವು ಎಂದು ಗೊತ್ತಾದಾಗ ಇನ್ನಷ್ಟು ಹಿಗ್ಗಿದೆ. ಇಲ್ಲಿಯ ಕನ್ನಡ ಶಾಲೆಯಿಂದ ನಿವೃತ್ತಿಯಾಗಿ ಊರು ಸೇರಿದ ಮೇಲೆ ಹೊತ್ತು ಹೋಗುವುದಿಲ್ಲ ಎಂದಿದ್ದಿರಿ. ನಿರ್ಮಾಪಕ ವಿನಾಯಕ ಅವರ ಮುಂದೆ ನಿಮ್ಮ ಹೆಸರು ಹೇಳಿದ್ದು ನಾನೇ.

ಆ ಹಿಗ್ಗು ಮೊದಲ ಹಾಳೆಯವರೆಗೆ ಉಳಿಯಿತು.

ಗಾರೆತ್ ಅರಮನೆಗೆ ಬರುವ ದೃಶ್ಯವನ್ನು ಇಂಗ್ಲಿಷಿನಲ್ಲಿ ನಾಲ್ಕು ಸಲ ನೋಡಿದೆ. ಮೈತುಂಬ ಧೂಳು. ಏನು ಬೇಕೆಂದು ರಾಜ ಕೇಳುತ್ತಾನೆ. ಒಂದು ವರ್ಷ ನಿನ್ನ ಮನೆಯಲ್ಲಿ ಊಟ ಕೊಡು, ಉಳಿದದ್ದನ್ನು ಆಮೇಲೆ ಕೇಳುತ್ತೇನೆ ಎಂದು ಇವನು ಮೆಲ್ಲಗೆ ಹೇಳುತ್ತಾನೆ. ಸಭೆಯಲ್ಲಿ ಯಾರೂ ನಗುವುದಿಲ್ಲ. ಅರಮನೆಯ ಉಗ್ರಾಣ ನೋಡಿಕೊಳ್ಳುವ ಕೇ ಒಬ್ಬನೇ ಮೂಗು ಮುರಿಯುತ್ತಾನೆ.

ನಿಮ್ಮ ಹಾಳೆಯಲ್ಲಿ ಗಾರೆತ್ ಹೇಳುವುದು ಇದು: “ರೊಟ್ಟಿ ಸಿಕ್ರ ಸಾಕ್ರೀ ಯಪ್ಪಾ, ರಾಜ್ಯ ಯಾರಿಗ್ ಬೇಕ್ರೀ!” ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ನಿಮ್ಮದೇ ಅಕ್ಷರ: ‘ಉತ್ತರದ ಕಡೆಯ ಭಾಷೆ. ನಗು ಬರಬೇಕು.’

ಆರ್ಥರ್ ಮೈಸೂರಿನವನಂತೆ ಮಾತಾಡುತ್ತಾನೆ. ಕೇ ಕೂಡ ಹಾಗೆಯೇ. ಕುದುರೆ ಲಾಯದವನು, ಕಟ್ಟಿಗೆ ಒಡೆಯುವವನು, ಕುಡುಕ, ಗಾರೆತ್, ಇವರೆಲ್ಲ ರಾಯಚೂರಿನವರು. ಬ್ರಿಟನ್ನಿನ ನಕಾಶೆಯಲ್ಲಿ ಕೃಷ್ಣಾ ನದಿ ಎಲ್ಲಿ ಹರಿಯುತ್ತದೆ ಮಾಸ್ತರೇ?

ನಾನು ಆ ಮಾತನ್ನು ಹೇಳಿದೆ. ಮೊದಲ ಟೇಕಿಗೇ ಸರಿಹೋಯಿತು. ಗಾಜಿನ ಆಚೆ ಕೂತವರು ಹೊಟ್ಟೆ ಹಿಡಿದು ನಕ್ಕರು. ನನಗೆ ಬೇರೆ ಯಾರನ್ನು ಅನುಕರಿಸಲು ಬರುತ್ತದೆ? ಲಿಂಗಸುಗೂರು ಕಡೆಯ ನನ್ನ ಅವ್ವನ ದನಿಯನ್ನೇ ಎತ್ತಿಕೊಂಡಿದ್ದೆ. ಮನೆಗೆ ಹೋಗಿ ಅವಳ ಮುಖ ನೋಡಲಾಗಲಿಲ್ಲ.

ಇದನ್ನು ತಿದ್ದುತ್ತೀರಾ?

ನಿಮ್ಮ ವಿದ್ಯಾರ್ಥಿ,
ಆನಂದಕುಮಾರ


ಧಾರವಾಡ
೨೪ ಜನವರಿ ೨೦೦೨

ಆನಂದಕುಮಾರನಿಗೆ,

ಪತ್ರ ಓದಿದೆ. ಅಕ್ಷರ ಇನ್ನೂ ದುಂಡಗಿದೆ. ವಿನಯ ಮಾತ್ರ ಹೋಗಿದೆ.

ಟೀವಿ ಎಂಬುದು ದುಡಿದು ದಣಿದವರ ಮುಂದೆ ಇಡುವ ವಸ್ತು. ಇಪ್ಪತ್ತಾರು ವಾರ ಬರೀ ಕತ್ತಿಯ ಸದ್ದಾದರೆ ಯಾರು ಕೂತು ನೋಡುತ್ತಾರೆ? ನಡುವೆ ನಗಿಸುವವನೊಬ್ಬ ಬೇಕು. ವಿನಾಯಕ ಹಾಗೆ ಕೇಳಿದರು, ನಾನು ಬರೆದೆ. ಇದರಲ್ಲಿ ನಿನ್ನ ತಾಯಿಯನ್ನು ಯಾರೂ ಎಳೆದು ತಂದಿಲ್ಲ. ತಂದವನು ನೀನು.

ಇನ್ನೊಂದು ಮಾತು. ಕಥೆಯನ್ನು ಪೂರ್ತಿ ಓದದೆ ಜಗಳಕ್ಕೆ ನಿಲ್ಲುವುದು ನಿನ್ನ ಹಳೆಯ ಚಾಳಿ. ಆರ್ಥರ್ ಮೊದಲ ಕಂತಿನಲ್ಲೂ ಒಳ್ಳೆಯವನು, ಕೊನೆಯ ಕಂತಿನಲ್ಲೂ ಒಳ್ಳೆಯವನು. ಇಡೀ ಧಾರಾವಾಹಿಯಲ್ಲಿ ನಿಜವಾಗಿ ಬೆಳೆಯುವವನು ಗಾರೆತ್ ಒಬ್ಬನೇ. ಒಂದು ವರ್ಷ ಪಾತ್ರೆ ತಿಕ್ಕುತ್ತಾನೆ. ಸೆರೆಯಲ್ಲಿರುವ ಅಕ್ಕನನ್ನು ಬಿಡಿಸಲು ಸರದಾರನೊಬ್ಬನನ್ನು ಕೊಡಿ ಎಂದು ಲಿನೆಟ್ ಎಂಬ ಹುಡುಗಿ ಬಂದಾಗ ಇವನು ಹೊರಡುತ್ತಾನೆ. ‘ನಿನ್ನ ಮೈಯೆಲ್ಲ ಒಲೆಯ ಹೊಗೆ ನಾತ’ ಎಂದು ಅವಳು ದಾರಿಯುದ್ದಕ್ಕೂ ಹೀಯಾಳಿಸುತ್ತಾಳೆ. ಇವನು ಒಂದು ಮಾತೂ ತಿರುಗಿ ಆಡದೆ ಒಬ್ಬೊಬ್ಬ ವೈರಿಯನ್ನೂ ಗೆಲ್ಲುತ್ತಾನೆ. ಇಪ್ಪತ್ತೆರಡನೆಯ ಕಂತಿನಲ್ಲಿ ಆರ್ಥರ್ ಇವನಿಗೆ ಸರದಾರ ಪಟ್ಟ ಕಟ್ಟುತ್ತಾನೆ. ಹಳೆಯ ಕಥೆಗಳಲ್ಲಿ ಇವನು ವೇಷ ಮರೆಸಿಕೊಂಡ ರಾಜಕುಮಾರ. ಈ ಧಾರಾವಾಹಿಯವರು ಅದನ್ನು ತೆಗೆದುಹಾಕಿದ್ದಾರೆ. ಇಲ್ಲಿ ಇವನು ನಿಜಕ್ಕೂ ಅರಮನೆಯ ಅಡುಗೆಯವಳ ಮಗ, ದೂರದ ಹಳ್ಳಿಯಲ್ಲಿ ಬೆಳೆದವನು.

ಪಟ್ಟ ಕಟ್ಟಿದ ಆ ಗಳಿಗೆಯಿಂದ ಗಾರೆತ್ ಶುದ್ಧ ಕನ್ನಡ ಆಡುತ್ತಾನೆ. ತನ್ನ ಭಾಷೆ ತಿದ್ದಿಕೊಂಡು ಮೇಲೆ ಬಂದವನು. ಪಾತ್ರದ ಬೆಳವಣಿಗೆ ಎಂದರೆ ಇದು. ನೀನೂ ಹೀಗೆಯೇ ಬೆಳೆದವನು ಎಂಬುದನ್ನು ನೆನಪಿಸಬೇಕೆ?

ದನಿ ಕೊಡುವವನು ದನಿ ಕೊಡಲಿ.

ಹಿತೈಷಿ,
ನರಹರಿ


ಸಿಕಂದರಾಬಾದ್
೧೮ ಏಪ್ರಿಲ್ ೨೦೦೨

ಮಾಸ್ತರರಿಗೆ,

ಮೂರು ತಿಂಗಳು ಸುಮ್ಮನಿದ್ದೆ. ನೀವು ಹೇಳಿದಂತೆ ದನಿ ಕೊಟ್ಟೆ. ಈಗ ನಡೆದದ್ದನ್ನು ಬರೆಯುತ್ತೇನೆ, ಕೂತು ಓದಿ.

ಧಾರಾವಾಹಿ ಶುರುವಾಗಿ ಮೂರು ವಾರವಾಯಿತು. ‘ರೊಟ್ಟಿ ಸಿಕ್ರ ಸಾಕ್ರೀ ಯಪ್ಪಾ’ ಎಂಬುದು ಊರ ಮಾತಾಗಿದೆ. ಸ್ಟುಡಿಯೋದಲ್ಲಿ ನನಗೆ ಅದೇ ಹೆಸರು.

ಯುಗಾದಿಯ ಮರುದಿನ ಭಾನುವಾರ ಬಾಲಾನಗರದ ಕಾಲೊನಿಯಲ್ಲಿ ಕನ್ನಡ ಸಂಘದ ಕೂಟವಿತ್ತು. ದೊಡ್ಡ ದೊಡ್ಡ ಹುದ್ದೆಯಲ್ಲಿರುವ ಕನ್ನಡಿಗರ ಮನೆಗಳು ಅಲ್ಲಿವೆ. ಈ ಸಲ ಜೋಳದ ರೊಟ್ಟಿಯ ಊಟವೆಂದು ಅವ್ವನನ್ನು ಕರೆಸಿದ್ದರು. ನಾಚಾರಂ ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ಇಪ್ಪತ್ತೆರಡು ವರ್ಷ ರೊಟ್ಟಿ ಬಡಿದವಳು. ಕನ್ನಡದವರು ಕರೆದಿದ್ದಾರೆ ಎಂದು ಹೊಸ ಇಳಕಲ್ ಸೀರೆ ಉಟ್ಟುಕೊಂಡಳು. ನಾನೂ ಜೊತೆಗೆ ಹೋಗಿದ್ದೆ.

“ಹಿಟ್ಟು ಎಲ್ಲಿಟ್ಟೀರ್ರೀ ಯಪ್ಪಾ?” ಎಂದು ಅವಳು ಕೇಳಿದ್ದಷ್ಟೇ. ಅಲ್ಲಿದ್ದ ಮಕ್ಕಳೆಲ್ಲ ಒಂದೇ ಕೊರಳಲ್ಲಿ, “ರೊಟ್ಟಿ ಸಿಕ್ರ ಸಾಕ್ರೀ ಯಪ್ಪಾ!” ಎಂದು ಕೂಗಿದವು. ದೊಡ್ಡವರೂ ನಕ್ಕರು. ಅವ್ವನೂ ನಕ್ಕಳು. ಮಗನ ಮಾತು ಮಕ್ಕಳ ಬಾಯಲ್ಲಿದೆ ಎಂಬ ಹೆಮ್ಮೆ ಅವಳಿಗೆ.

ಆಗ ಸಂಘದ ಸುಮತಿ ಎಂಬುವರು, “ಅಯ್ಯೋ, ಇವ್ರದ್ದು ಥೇಟ್ ಟೀವಿಯಲ್ಲಿ ಬರೋ ಹಾಗೇ ಇದೆ ಕಣ್ರೀ, ಇನ್ನೊಂದ್ಸಲ ಹೇಳಿ ಅಮ್ಮಾ, ಮೈಕಲ್ಲಿ ಹೇಳಿ” ಎಂದು ಕೈ ಹಿಡಿದು ವೇದಿಕೆಗೆ ಹತ್ತಿಸಿದರು. ನಾನು ಪಾತ್ರೆ ಇಳಿಸುತ್ತಿದ್ದವನು ಓಡಿಬರುವುದರೊಳಗೆ ಅವಳು ಮೈಕಿನ ಮುಂದಿದ್ದಳು. ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, “ಏನು ಹೇಳ್ಬೇಕ್ರಿ? ನಂಗೇನೂ ಬರಂಗಿಲ್ರಿ” ಎಂದಳು. ಇನ್ನೂರು ಜನ ಬಿದ್ದು ಬಿದ್ದು ನಕ್ಕರು. ಅವಳು ಇನ್ನೂ ಏನನ್ನೂ ಹೇಳಿರಲಿಲ್ಲ ಮಾಸ್ತರೇ. ತನಗೆ ಏನೂ ಬರುವುದಿಲ್ಲ ಎಂದಷ್ಟೇ ಹೇಳಿದ್ದಳು.

ಅವಳು ಕೆಳಗಿಳಿದು ಬಂದು ಎಲ್ಲರಿಗೂ ರೊಟ್ಟಿ ಬಡಿದು ಕೊಟ್ಟಳು. ತಾನು ಉಣ್ಣಲಿಲ್ಲ. ಮನೆಯ ಬೀಗ ತೆಗೆಯುವಾಗ ಕೇಳಿದಳು: “ತಮ್ಮಾ, ಟೀವಿಯಾಗ ನೀ ಆಡೂದು ನನ್ನ ಮಾತಲ್ಲೇನು? ನನ್ನಂಗ ಮಾತಾಡಿ ಮಂದೀನ ನಗಸಾಕತ್ತೀಯೇನು?”

ಅಂದಿನಿಂದ ಅವಳು ಕನ್ನಡ ಬಿಟ್ಟಿದ್ದಾಳೆ. ಹೊರಗೆ ತೆಲುಗು ಆಡುವುದು ಇದ್ದದ್ದೇ. ಈಗ ಮನೆಯಲ್ಲೂ ಊಟವಾಯಿತೇ ಎಂಬುದನ್ನು ‘ಅನ್ನಂ ತಿನ್ನಾವಾ’ ಎಂದು ಕೇಳುತ್ತಾಳೆ. ನನ್ನ ಸ್ವಂತ ಅವ್ವ ನನ್ನನ್ನು ಬಾಡಿಗೆ ಮನೆಯ ಪಕ್ಕದವನನ್ನು ಮಾತಾಡಿಸಿದಂತೆ ಮಾತಾಡಿಸುತ್ತಾಳೆ.

ನಿಮ್ಮ ಕೆಂಪು ಶಾಯಿಗೆ ಅಭಿನಂದನೆಗಳು. ನಗು ಬಂತು.

ಆನಂದಕುಮಾರ


ಧಾರವಾಡ
೨೦ ಮೇ ೨೦೦೨

ಆನಂದಕುಮಾರನಿಗೆ,

ಒಂದು ತಿಂಗಳು ತಡೆದು ಬರೆಯುತ್ತಿದ್ದೇನೆ. ಮೊದಲೇ ಬರೆದಿದ್ದರೆ ಇನ್ನೂ ಕೆಟ್ಟದಾಗಿ ಬರೆಯುತ್ತಿದ್ದೆ.

ನಾನೇನು ಮೈಸೂರಿನಲ್ಲಿ ಹುಟ್ಟಿದವನೇ? ನವಲಗುಂದದ ಹತ್ತಿರದ ಹಳ್ಳಿಯವನು. ೧೯೫೯ರಲ್ಲಿ ಮೈಸೂರಿಗೆ ಕಾಲೇಜಿಗೆ ಹೋದೆ. ಈ ಪ್ರಬಂಧ ಯಾರು ಬರೆದದ್ದು ಎಂದು ಅಧ್ಯಾಪಕರು ಕೇಳಿದರು. ತರಗತಿಯಲ್ಲಿ ಅದಕ್ಕೇ ಹೆಚ್ಚು ಅಂಕ ಬಂದಿತ್ತು. ಎದ್ದು ನಿಂತು, “ನಾ ಬರದೇನ್ರೀ” ಎಂದೆ. ಇಡೀ ತರಗತಿ ನಕ್ಕಿತು. ಅಧ್ಯಾಪಕರೂ ನಕ್ಕರು. ಮೂರು ವರ್ಷ ನನ್ನ ಹೆಸರು ‘ಬರದೇನ್ರೀ’. ಪ್ರಬಂಧದಲ್ಲಿ ಏನಿತ್ತು ಎಂದು ಒಬ್ಬನೂ ಕೇಳಲಿಲ್ಲ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಒಬ್ಬನೇ ನಡೆಯುತ್ತ ‘ಬರೆದಿದ್ದೇನೆ, ಬರೆದಿದ್ದೇನೆ’ ಎಂದು ನಾಲಿಗೆ ತಿರುಗಿಸಿದವನು ನಾನು.

ಶಾಲೆಯಲ್ಲಿ ನೀನು ಊರ ಮಾತು ಆಡಿದಾಗ ನಿನ್ನ ಕೈಗೆ ಯಾಕೆ ಹೊಡೆದೆ ಎಂದು ಈಗಲಾದರೂ ತಿಳಿದುಕೋ. ನಿನ್ನನ್ನು ನೋಡಿ ಯಾರೂ ನಗಬಾರದೆಂದು ಹೊಡೆದೆ. ನೀನು ಇಂದು ಮೈಕಿನ ಮುಂದೆ ನಿಂತಿರುವುದು ಆ ಏಟಿನಿಂದ. ಇಲ್ಲದಿದ್ದರೆ ಎಲ್ಲಿ ಗಾರೆ ಕಲಸುತ್ತಿದ್ದೆ ಎಂದು ಯೋಚಿಸು.

ನಿನ್ನ ತಾಯಿಗೆ ಆದದ್ದಕ್ಕೆ ವಿಷಾದವಿದೆ. ಆದರೆ ನಕ್ಕವರು ಆ ಜನ. ನಾನಲ್ಲ.

ನರಹರಿ


ನಾಚಾರಂ
೯ ಜೂನ್ ೨೦೦೨

ನರಹರಿ ಮಾಸ್ತರಿಗೆ ಸಾಬಮ್ಮ ಹೇಳಿ ಬರಸೂದು.

ಬರಿಯಾಕತ್ತಾಕಿ ನನ್ನ ಮಗಳು ಶೈಲಾ. ನಾ ಹೆಂಗ ಹೇಳ್ತೀನಿ ಹಂಗ ಬರಿ, ತಿದ್ದಿದ್ರ ನೋಡು ಅಂದೀನಿ. ನಿಮ್ಮ ಸಲುವಾಗಿ ಎರಡು ತಿಂಗಳ ಮ್ಯಾಲ ಕನ್ನಡ ಮಾತಾಡಾಕತ್ತೀನಿ. ಬೈಯಾಕ ನನಗ ತೆಲುಗು ಅಷ್ಟು ಬರಂಗಿಲ್ಲ.

ನನ್ನ ಮಗನ ಕೈಮ್ಯಾಲ ಪಟ್ಟೀಲೆ ಹೊಡದ್ರಿ. ಬೆರಳು ಬಾತಿದ್ವು. ರೊಟ್ಟಿ ಮುರಿಯಾಕ ಬರಲಿಲ್ಲ, ನಾನ ತುತ್ತು ಮಾಡಿ ತಿನಿಸೀನಿ. ಯಾಕೋ ತಮ್ಮಾ ಅಂದ್ರ, ‘ಐತಿ ಅಂದ್ಯವ್ವಾ, ಅದಕ್ಕ’ ಅಂದ. ಐತಿ ಅಂದ್ರ ಏನ್ರಿ ತಪ್ಪು? ಇದ್ದದ್ದಕ್ಕ ಐತಿ ಅಂತೀವಿ. ಇಲ್ಲದ್ದಕ್ಕ ಇಲ್ಲ ಅಂತೀವಿ. ಆದ್ರೂ ಮಾಸ್ತರು ಕಲ್ತವರು, ಅವರಿಗೆ ಗೊತ್ತಿರತೈತಿ ಅಂತ ಸುಮ್ಮಿದ್ದೆ. ತಪ್ಪಾತು.

ಮೊನ್ನೆ ಕಾಗದದಾಗ ಬರದೀರಂತ, ನೀವು ಹೊಡೀದಿದ್ರ ನನ್ನ ಮಗ ಗಾರೆ ಕಲಸ್ತಿದ್ದ ಅಂತ. ನನ್ನ ಗಂಡ ಲಿಂಗಣ್ಣ ಸಾಯೂತನಕ ಗಾರೆ ಕಲಸ್ಯಾನ. ಈ ಊರಾಗ ಅವನ ಕೈಯಾಗ ಎದ್ದ ಗ್ವಾಡಿ ಎಷ್ಟು ಅದಾವ, ನಿಮಗ ಗೊತ್ತೈತೇನು? ಒಂದೂ ಬಿದ್ದಿಲ್ಲ.

ಇಪ್ಪತ್ತೆರಡು ವರ್ಸ ಕ್ಯಾಂಟೀನಿನ್ಯಾಗ ಅಡಗಿ ಮಾಡೀನಿ. ತೆಲುಗಿನವರು ಉಂಡಾರ, ಉರ್ದು ಮಂದಿ ಉಂಡಾರ, ಒರಿಯಾದವರು ಉಂಡಾರ. ಒಬ್ಬರೂ ನನ್ನ ಮಾತಿಗೆ ನಕ್ಕಿಲ್ಲ. ನಕ್ಕವರು ಕನ್ನಡದವರು. ಇದ ಮಾತಿನ್ಯಾಗ ನಾ ಮಕ್ಕಳಿಗೆ ಜೋಗುಳ ಹಾಡೀನಿ. ಗಂಡ ಸತ್ತಾಗ ಇದ ಮಾತಿನ್ಯಾಗ ಅತ್ತೀನಿ. ಅವಾಗ ಕೇಳಿದ್ರೂ ನಗ್ತಿದ್ರೇನು?

ಒಂದ ಕೇಳ್ತೀನಿ, ಅದಕ್ಕಷ್ಟ ಜವಾಬು ಕೊಡ್ರಿ. ನಿಮ್ಮವ್ವ ಯಾವ ಮಾತು ಆಡ್ತಿದ್ಲು?

ಸಾಬಮ್ಮ

ಸರ್, ನಾನು ಶೈಲಾ. ಅವ್ವ ಹೇಳಿದ ಒಂದು ಅಕ್ಷರವನ್ನೂ ತಿದ್ದಿಲ್ಲ. ನಾನು ಕಾಲ್‌ಸೆಂಟರಿಗೆ ಸೇರಿದ್ದೇನೆ. ಅಲ್ಲಿ ಅಮೆರಿಕದವರಂತೆ ಮಾತಾಡಲು ಕಲಿಸಿ ನನಗೆ ಬೇರೆ ಹೆಸರು ಇಟ್ಟಿದ್ದಾರೆ. ಅವರು ಪರದೇಶದವರಿಗಾಗಿ ಹೀಗೆ ಮಾಡುತ್ತಾರೆ. ನೀವು ಯಾರಿಗಾಗಿ ಮಾಡಿದಿರಿ?


ಧಾರವಾಡ
೧೫ ಜುಲೈ ೨೦೦೨

ಆನಂದಕುಮಾರನಿಗೆ,

ನಿನ್ನ ತಾಯಿಯ ಪತ್ರಕ್ಕೆ ಉತ್ತರ ಬರೆಯಲು ಐದು ಸಲ ಕೂತೆ. ಅವರು ಕೇಳಿದ್ದಕ್ಕೆ ಉತ್ತರ ಒಂದೇ ಪದದ್ದು. ಅದನ್ನು ಬರೆಯಲಾಗದೆ ಈ ಹಾಳೆಗಳನ್ನು ಬರೆದಿದ್ದೇನೆ.

ಇದು ಇಪ್ಪತ್ತೆರಡನೆಯ ಕಂತು. ‘ನೀನು ಯಾರ ಮಗ?’ ಎಂದು ಆರ್ಥರ್ ತುಂಬಿದ ಸಭೆಯಲ್ಲಿ ಕೇಳುತ್ತಾನೆ. ಗಾರೆತ್‌ನ ಮಾತು ಹೀಗಿರುತ್ತದೆ:

“ಯಾರ ಮಗ ಅಂತ ಕೇಳಿದ್ರಿ. ನಿಮ್ಮ ಅಡಗಿಮನ್ಯಾಗ ರೊಟ್ಟಿ ಬಡಿಯಾಕಿ ಮಗ ಅದೀನ್ರಿ. ಈ ಕೈ ಬೂದಿ ಬಳದೈತಿ, ಬೆಂಕಿ ಹಿಡದೈತಿ. ಇದಕ್ಕ ಕತ್ತಿ ಕೊಡ್ರಿ. ಹಸದವರ ಮ್ಯಾಲ ಎತ್ತಂಗಿಲ್ಲ, ಹೆದರಿಸಿದವರ ಮುಂದ ಇಳಸಂಗಿಲ್ಲ.”

ಅಂಚಿನಲ್ಲಿ ಏನನ್ನೂ ಬರೆದಿಲ್ಲ. ಹೇಗೆ ಹೇಳಬೇಕೆಂದು ನಿನಗೆ ಗೊತ್ತು. ಪಟ್ಟವಾದ ಮೇಲೂ ಅವನ ಭಾಷೆ ಬದಲಾಗುವುದಿಲ್ಲ. ಬದಲಾಗಬೇಕಾದವಳು ಲಿನೆಟ್. ಅವನ ಮಾತಿಗೆ ಕಿವಿಗೊಡಲು ಅವಳು ಕಲಿಯುತ್ತಾಳೆ. ಇಂಗ್ಲಿಷಿನ ಕಂತನ್ನು ಮತ್ತೆ ನೋಡಿದಾಗ ನನಗೆ ಇದು ಕಂಡಿತು. ಬೆಳವಣಿಗೆ ಎಂದು ನಾನು ತಪ್ಪು ಪಾತ್ರದ ಕಡೆ ಬೆರಳು ತೋರಿಸಿದ್ದೆ.

ಈ ದೃಶ್ಯಕ್ಕೆ ನಾನು ಬರೆದದ್ದು ಇದೊಂದೇ. ವಿನಾಯಕರಿಗೆ ಖಂಡಿತವಾಗಿ ಹೇಳುತ್ತೇನೆ, ಇದು ಬೇಡವಾದರೆ ನಾನೂ ಬೇಡ ಎಂದು.

ನರಹರಿ


ಸಿಕಂದರಾಬಾದ್
೧೧ ಆಗಸ್ಟ್ ೨೦೦೨

ನರಹರಿಯವರಿಗೆ,

ಮಾಸ್ತರೇ ಎಂದು ಬರೆಯಲು ಕೈ ಬರುತ್ತಿಲ್ಲ.

ಗುರುವಾರ ಆ ದೃಶ್ಯದ ರೆಕಾರ್ಡಿಂಗ್ ಇತ್ತು. ನಿಮ್ಮ ಹಾಳೆಯನ್ನು ಮೂರು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿದ್ದೆ. ಹೆಡ್‌ಫೋನ್ ಹಾಕಿಕೊಂಡೆ. ಪರದೆಯ ಮೇಲೆ ಗಾರೆತ್ ಮೊಣಕಾಲೂರಿದ. ನಾನು ಹೇಳಿದೆ. ಕತ್ತಿಯ ಮಾತು ಮುಗಿದಾಗ ಗಾಜಿನ ಆಚೆ ಯಾರೂ ಅಲುಗಲಿಲ್ಲ. ಲಿನೆಟ್‌ಗೆ ದನಿ ಕೊಡುವ ಶಿವದೇವಿ ಕಣ್ಣೊರೆಸಿಕೊಂಡರು. ನಾನು ಗೆದ್ದೆ ಎಂದುಕೊಂಡೆ. ನೀವು ಗೆದ್ದಿರಿ ಎಂದೂ ಅಂದುಕೊಂಡೆ.

ವಿನಾಯಕ ಒಳಗೆ ಬಂದರು. “ಆನಂದ್, ಚೆನ್ನಾಗಿದೆ. ಆದ್ರೆ ಇದು ಕಾಮಿಡಿ ಸೀನ್ ಅಲ್ವಲ್ಲ.”

“ಯಾರಾದ್ರೂ ನಕ್ಕರಾ ಸರ್?”

“ಅದೇ ಪ್ರಾಬ್ಲಂ. ಈ ಭಾಷೆ ಬಂದ್ರೆ ನಗ್ಬೇಕು ಅಂತ ಇಪ್ಪತ್ತೊಂದು ಕಂತಿಂದ ಜನಕ್ಕೆ ಕಲಿಸಿದೀವಿ. ಈಗ ಇದ್ರಲ್ಲೇ ಅಳ್ಸಿದ್ರೆ ಅವರಿಗೆ ಏನ್ ಮಾಡ್ಬೇಕು ಅಂತ ಗೊತ್ತಾಗಲ್ಲ.”

“ಮಾಸ್ತರು ಬರೆದದ್ದು ಇದೊಂದೇ ಸರ್. ಬೇರೆ ಇಲ್ಲ.”

ಅವರು ಫೈಲು ತೆಗೆದು ಇನ್ನೊಂದು ಹಾಳೆ ಕೈಗಿತ್ತರು. “ಮೇಷ್ಟ್ರು ಎರಡೂ ಕಳ್ಸಿದಾರೆ ಕಣಯ್ಯ. ಯಾವ್ದು ಸರಿಯೋ ನೀವೇ ನೋಡಿ ಅಂತ ಚೀಟಿನೂ ಇಟ್ಟಿದಾರೆ.”

ನಿಮ್ಮ ಅಕ್ಷರ. ನಿಮ್ಮ ಸಹಿ. ಅದೇ ಹದಿನೈದು ಜುಲೈ. ‘ಪ್ರಭು, ನಾನು ತಮ್ಮ ಪಾಕಶಾಲೆಯ ಪರಿಚಾರಿಕೆಯ ಪುತ್ರ. ಈ ಖಡ್ಗವನ್ನು ನನಗೆ ಕರುಣಿಸಿ.’

ಒಂದೇ ದಿನ, ಒಂದೇ ಮೇಜಿನ ಮೇಲೆ ಎರಡನ್ನೂ ಬರೆದಿರಿ. ನನಗೊಂದು, ಅವರಿಗೊಂದು. ನಿಮ್ಮ ಕೈ ನಡುಗಲಿಲ್ಲವೇ? ಪಾಕಶಾಲೆಯಂತೆ! ಪರಿಚಾರಿಕೆಯಂತೆ! ಪಟ್ಟ ಸಿಗಬೇಕಾದರೆ ಅವನು ತನ್ನ ಅವ್ವನನ್ನೂ ಬೇರೆ ಹೆಸರಿನಿಂದ ಕರೆಯಬೇಕೆ? ವಿನಾಯಕ ಮುಖದ ಮೇಲೆಯೇ ಹೇಳಿದರು, ಅವರ ಮೇಲೆ ನನಗೆ ಇಷ್ಟು ಸಿಟ್ಟಿಲ್ಲ. ನೀವು ನನ್ನ ಬೆನ್ನ ಮೇಲೆ ಕೈಯಿಟ್ಟು ಮುಂದೆ ತಳ್ಳಿ, ಹಿಂದಿನಿಂದ ಬಾಗಿಲು ಹಾಕಿಕೊಂಡಿರಿ.

“ಹತ್ತು ನಿಮಿಷ ತಗೋ, ಇದನ್ನ ಹೇಳು” ಎಂದರು ವಿನಾಯಕ.

“ನಾ ಹೇಳಂಗಿಲ್ರಿ” ಎಂದೆ. ಮೂರು ವರ್ಷದಲ್ಲಿ ಆ ಸ್ಟುಡಿಯೋದೊಳಗೆ ಪಾತ್ರವಿಲ್ಲದೆ ನನ್ನ ಮಾತು ಆಡಿದ್ದು ಅದೊಂದೇ ಸಲ. ಹೆಡ್‌ಫೋನ್ ಇಟ್ಟು ಹೊರಗೆ ಬಂದೆ. ಗಾರೆತ್‌ಗೆ ಬೇರೆಯವರನ್ನು ಕರೆಸಿದ್ದಾರೆ.

ಇನ್ನು ನನಗೆ ಪತ್ರ ಬರೆಯಬೇಡಿ.

ಆನಂದಕುಮಾರ


ಧಾರವಾಡ
೬ ಅಕ್ಟೋಬರ್ ೨೦೦೨

ಆನಂದಕುಮಾರ,

ಬರೆಯಬೇಡವೆಂದಿದ್ದೆ. ಆದರೂ ಬರೆಯುತ್ತಿದ್ದೇನೆ, ಓದದೆ ಹರಿದರೂ ನಡೆಯುತ್ತದೆ.

ನಡುಗಲಿಲ್ಲ. ನೀನು ಕೇಳಿದ್ದಕ್ಕೆ ಉತ್ತರ ಇದು. ಮೊದಲನೆಯ ಹಾಳೆ ಬರೆಯುವಾಗ ಕೈ ನಡುಗಿತು. ಎರಡನೆಯದು ಸಲೀಸಾಗಿ ಬಂತು, ನಲವತ್ತು ವರ್ಷದ ಅಭ್ಯಾಸ. ವಿನಾಯಕರಿಗೆ ಫೋನಿನಲ್ಲಿ ಹೇಳಲು ಎರಡು ಸಲ ನಂಬರು ಒತ್ತಿ ಇಟ್ಟೆ. ಅವರು ನಕ್ಕುಬಿಟ್ಟರೆ ಎಂಬ ಭಯ. ಅರವತ್ತೆರಡು ವರ್ಷದ ಮುದುಕನಿಗೆ ಇನ್ನೂ ಆ ತರಗತಿಯ ಭಯ.

ಆ ಕಂತನ್ನು ಇಲ್ಲಿ ನೋಡಿದೆ. ಗಾರೆತ್ ಬಾಯಿ ತೆರೆದ, ಬೇರೆ ಯಾರದೋ ದನಿ ಬಂತು. ಶುದ್ಧವಾಗಿತ್ತು. ಯಾರೋ ಸತ್ತ ಮನೆಯಲ್ಲಿ ಕೂತಂತೆ ಆಯಿತು. ಮರುದಿನ ವಾಹಿನಿಗೆ ಬರೆದು ನನ್ನ ಹೆಸರು ತೆಗೆಯಿರಿ ಎಂದೆ, ಕೆಲಸವನ್ನೂ ಬಿಟ್ಟೆ. ಪತ್ರಿಕೆಯ ಓದುಗರ ಅಂಕಣಕ್ಕೆ ನಾಲ್ಕು ಸಾಲು ಕಳಿಸಿದೆ: ಅಡುಗೆಯವಳ ಮಗನನ್ನು ಅವನ ಮಾತಿಗಾಗಿ ನಗೆಪಾಟಲು ಮಾಡಿದವನು ಭಾಷಾಂತರಕಾರನಾದ ನಾನು, ಮೂಲದಲ್ಲಿ ಹಾಗಿಲ್ಲ ಎಂದು. ಅಚ್ಚಾಯಿತು. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೇಕೆ ಎಂದು ಗೆಳೆಯರು ಕೇಳಿದರು.

ನಿನ್ನ ತಾಯಿಗೆ ಹೇಳು. ನನ್ನ ಅವ್ವ ಅವರ ಮಾತನ್ನೇ ಆಡುತ್ತಿದ್ದಳು. ನಾನು ಮೈಸೂರಿನಲ್ಲಿದ್ದಾಗ ಒಂದು ಸಲ ಅಪ್ಪ ಎರಡು ಹಗಲು ಪ್ರಯಾಣ ಮಾಡಿ ನನ್ನನ್ನು ನೋಡಲು ಬಂದ. ಹಾಸ್ಟೆಲಿನ ಗೇಟಿನಲ್ಲೇ ಮಾತಾಡಿಸಿ ಕಳಿಸಿದೆ. ಒಳಗೆ ಕರೆದರೆ ಅವನು ಮಾತಾಡಿಬಿಡುತ್ತಾನಲ್ಲ ಎಂದು. ಅವನಿಗೆ ಅರ್ಥವಾಗಿತ್ತು. ಮತ್ತೆ ಬರಲಿಲ್ಲ.

ಮೊನ್ನೆ ಅಂಗಡಿಗೆ ಹೋಗಿ ‘ಬೆಲ್ಲ ಐತೇನ್ರಿ’ ಎಂದು ಕೇಳಲು ನಿಂತೆ. ನಾಲಿಗೆ ಹೊರಳಲಿಲ್ಲ. ನಗೆಗಾಗಿ ಹಾಳೆಯ ಮೇಲೆ ಎಷ್ಟು ಬೇಕಾದರೂ ಬರೆಯಬಲ್ಲೆ. ಬಾಯಿಬಿಟ್ಟು ಆಡಲು ಬರುವುದಿಲ್ಲ. ನನ್ನ ಊರಿನಲ್ಲಿ ನಿಂತು ನನ್ನ ಮಾತು ನನಗೆ ಬರುವುದಿಲ್ಲ.

ಕ್ಷಮೆ ಕೇಳುವ ಹಕ್ಕು ಇಟ್ಟುಕೊಂಡಿಲ್ಲ.

ನರಹರಿ


ನಾಚಾರಂ
೨ ಡಿಸೆಂಬರ್ ೨೦೦೨

ಮಾಸ್ತರರಿಗೆ,

ನಿಮ್ಮ ಪತ್ರ ಹರಿಯಲಿಲ್ಲ. ಅವ್ವನಿಗೆ ಓದಿ ಹೇಳಿದೆ.

ನಾನೀಗ ಮಾದಾಪುರದಲ್ಲಿ ಒಂದು ಸಾಫ್ಟ್‌ವೇರ್ ಕಂಪನಿಗೆ ಕಟ್ಟುತ್ತಿರುವ ಕಟ್ಟಡದ ಸೈಟಿನಲ್ಲಿದ್ದೇನೆ. ಬೆಳಿಗ್ಗೆ ಕೂಲಿಕಾರರ ಹಾಜರಿ ಕರೆಯುವುದು ನನ್ನ ಕೆಲಸ. ಏಳನೆಯ ಅಂತಸ್ತಿನವರಿಗೂ ನನ್ನ ದನಿ ಕೇಳುತ್ತದೆ, ಮೈಕು ಬೇಡ. ಅರ್ಧಕ್ಕರ್ಧ ಜನ ಲಿಂಗಸುಗೂರು, ದೇವದುರ್ಗ, ಸುರಪುರದವರು. ಕಂಬಿ ಕಟ್ಟುವ ಮೌನಪ್ಪ ಎಂಬಾತ ಊರಿನ ದೊಡ್ಡಾಟದಲ್ಲಿ ಭೀಮನ ವೇಷ ಕಟ್ಟುವವನು. ನನ್ನ ದನಿ ಗುರುತು ಹಿಡಿದು, “ನೀ ಟೀವಿಯ ಅಡಗಿಮನಿ ಸರದಾರ ಅಲ್ಲೇನು? ಕಡೀಕ ನಿನ್ನ ದನಿ ಯಾರು ಕದ್ರೋ?” ಎಂದ. ನಡೆದದ್ದನ್ನೆಲ್ಲ ಹೇಳಿದೆ. ಅವನು ಬೀಡಿ ಆರಿಸಿ, “ನಾವು ಆಡೂಣು ಬಾ” ಎಂದ. ದೊಡ್ಡಾಟದಲ್ಲಿ ರಾಜರು ಪುಸ್ತಕದ ಮಾತು ಆಡುತ್ತಾರಲ್ಲ ಎಂದೆ. “ಆಡ್ತಾರ, ಒಪ್ಪಿದೆ. ಸಿಟ್ಟು ಬಂದ್ರ ಅವರೂ ನಮ್ಮ ಮಾತಿಗೇ ಬರ್ತಾರ” ಎಂದ.

ಕಥೆ ಕೇಳಲು ಮನೆಗೆ ಬಂದ. ಅವ್ವ ನಿಮಗೆ ಕಾಗದ ಬರೆಸಿದ ಮೇಲೆ ಮತ್ತೆ ತೆಲುಗಿಗೇ ಹೋಗಿದ್ದಳು. ಅವನಿಗೂ ತೆಲುಗಿನಲ್ಲೇ ಕೂತುಕೋ ಎಂದಳು. ಮೌನಪ್ಪ, “ಏನವ್ವಾ, ಲಿಂಗಸುಗೂರಾಕಿ ಅಂತಿ, ಊರು ಮರತಿಯೇನು? ಇಲ್ಲಾ ದೊಡ್ಡ ಮನಷ್ಯಾಳು ಆಗೀಯೇನು?” ಎಂದುಬಿಟ್ಟ. ಅವ್ವನ ಕೈಯಲ್ಲಿದ್ದ ಹಿಟ್ಟಿನ ಉಂಡೆ ನಾದುವ ಪರಾತಕ್ಕೆ ಬಿತ್ತು. ಕಾಲು ಗಂಟೆ ಅವನನ್ನು ಬೈದಳು ಮಾಸ್ತರೇ. ಅವನ ಊರು, ಅವನ ಭೀಮ, ಅವನ ಬೀಡಿ, ಸಂಘದವರು, ಟೀವಿಯವರು, ನೀವು, ನಾನು, ಯಾರನ್ನೂ ಬಿಡಲಿಲ್ಲ. ಎಲ್ಲ ಕನ್ನಡದಲ್ಲಿ. ಶೈಲಾ ಒಲೆಯ ಮುಂದೆ ಕೂತು ಅಳುತ್ತಿದ್ದಳು, ಖುಷಿಗೆ. ಮೌನಪ್ಪ ತಲೆ ತಗ್ಗಿಸಿ ಪೂರ್ತಿ ಕೇಳಿಸಿಕೊಂಡು, “ಇನ್ನ ರೊಟ್ಟಿ ಕೊಡವ್ವಾ” ಎಂದ.

ಈಗ ಪ್ರತಿ ಭಾನುವಾರ ತಾಲೀಮು. ಗಾರೆತ್ ನಾನು, ಆರ್ಥರ್ ಮೌನಪ್ಪ. ಧಾರಾವಾಹಿಯಲ್ಲಿ ಗಾರೆತ್‌ನ ತಾಯಿ ಒಂದು ಸಲವೂ ಕಾಣಿಸಿಕೊಳ್ಳುವುದಿಲ್ಲ. ತಾಯಿ ಇಲ್ಲದ ಆಟ ಎಂಥ ಆಟ ಎಂದು ಮೌನಪ್ಪ ಅವಳಿಗೊಂದು ಪಾತ್ರ ಕಟ್ಟಿದ್ದಾನೆ. ಗೋದಾಬಾಯಿ ಎಂಬ ಗಾರೆ ಕೆಲಸದವಳು ಮಾಡುತ್ತಾಳೆ. ಅವಳ ಮಾತನ್ನು ಅವ್ವ ಬದಿಗೆ ಕೂತು ತಿದ್ದುತ್ತಾಳೆ. ಸಭೆಯಲ್ಲಿ ನಾನು ಆಡುವುದು ನೀವು ಬರೆದ ಮೊದಲನೆಯ ಹಾಳೆಯ ಮಾತು. ಅದನ್ನು ಬಿಡಲು ಮನಸ್ಸು ಬರಲಿಲ್ಲ. ಬರೆದವರು ನೀವೆಂದು ಎಲ್ಲರಿಗೂ ಹೇಳಿದ್ದೇನೆ. ಎರಡನೆಯ ಹಾಳೆಯ ವಿಷಯವನ್ನೂ ಹೇಳಿದ್ದೇನೆ.

ಆಟ ಇದೇ ಹದಿನೈದರ ಭಾನುವಾರ, ಮಧ್ಯಾಹ್ನ ಮೂರಕ್ಕೆ, ಸೈಟಿನ ಹಿಂದಿನ ಬಯಲಿನಲ್ಲಿ. ಊರ ದೊಡ್ಡಾಟದಂತೆ ರಾತ್ರಿಯಿಡೀ ಆಡಿದರೆ ಸೋಮವಾರ ಕಂಬಿ ಕಟ್ಟುವವರು ಯಾರು?

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ. ನನ್ನ ಸಿಟ್ಟು ಬೇಗ ಇಳಿಯುವಂಥದ್ದಲ್ಲ, ಇಳಿಯಬೇಕೆಂದು ನನಗೂ ಇಲ್ಲ. ಈ ಪತ್ರ ನಾನು ಬರೆಯುತ್ತಿದ್ದರೂ ಕರೆಯುತ್ತಿರುವವಳು ಅವ್ವ. ಹಾಸ್ಟೆಲಿನ ಗೇಟಿನ ಸಂಗತಿ ಓದಿದಾಗ ಅವಳು ಅದನ್ನು ಇನ್ನೊಂದು ಸಲ ಓದಿಸಿದಳು. ಆಮೇಲೆ, “ಆ ಮುದುಕಗ ಬಾ ಅಂತ ಬರಿ” ಎಂದಳು.

ಯಾಕೆ ಎಂದು ರೇಗಿದೆ.

“ಬಾಯಾಗಿನ ಮಾತು ಕಳಕೊಂಡಾನಂತಲ್ಲ. ಬಂದು ನನ್ನ ಬಾಜೂಕ ಕುಂದರಲಿ. ನಾ ಬೈತೀನಿ. ಬೈಸಿಕೊಂತ ಬೈಸಿಕೊಂತ ಬರ್ತೈತಿ.”

ಆನಂದಕುಮಾರ